ಪ್ಲಾಸಿದಾಳ ಟೈರಿನ ಗಾಳಿ

ಪ್ಲಾಸಿದಾಳಿಗೆ ಮಳೆಗಾಲದ ಸರದಿ ಕೊಡಬಾರದು ಎಂದು ಮೊದಲು ಕೈ ಎತ್ತಿದವನು ನಾನೇ. ಸುಳ್ಳು ಯಾಕೆ ಹೇಳಲಿ? ಲ್ಯಿಕಾ ಊರಿನ ಜೀಪು ಚಾಲಕರ ಸಂಘಕ್ಕೆ ಹನ್ನೆರಡು ವರ್ಷದಿಂದ ನಾನು, ಇಲಾರಿಯೋನ್, ಕಾರ್ಯದರ್ಶಿ. ಮಳೆ ಇಲ್ಲದ ತಿಂಗಳುಗಳಲ್ಲಿ ಉಪ್ಪಿನ ಬಯಲು ದಾಟಿಸಿ ಆಚೆಯ ಉಯುನಿ ಪೇಟೆಗೆ ಜನರನ್ನು ಯಾರು ಬೇಕಾದರೂ ಒಯ್ಯಬಹುದು. ಮಳೆ ಬಿದ್ದಮೇಲೆ ಹಾಗಲ್ಲ. ದಡದ ಪಕ್ಕ ಒಂದು ಮೈಲಿ ಕೆಸರು. ಮೇಲೆ ಹಪ್ಪಳದಷ್ಟು ತೆಳ್ಳಗೆ ಉಪ್ಪಿನ ಪದರ. ಅದನ್ನು ದಾಟಿ ಗಟ್ಟಿ ಉಪ್ಪು ಮುಟ್ಟುವುದೇ ಪರೀಕ್ಷೆ, ಗೆದ್ದವರಿಗೆ ಮಾತ್ರ ಸರದಿ, ಅಂದರೆ ವಾರಕ್ಕೊಂದು ದಿನ ಜನರನ್ನು ಒಯ್ಯುವ ಹಕ್ಕು. ಚಾಲಕರು ಬೇಕಾದರೆ ಇಳಿಯಬಹುದು, ಒಳಗೆ ಕೂತವರು ಕಾಲು ಕೆಳಗಿಡುವಂತಿಲ್ಲ.

ಅವಳು ಆಗಲೇ ಎರಡು ಸಲ ಸೋತಿದ್ದಳು, ನಾನು ಕೈ ಎತ್ತಿದ್ದು ಅದಕ್ಕೇ. ಆದರೂ ಸಂಘ ಇನ್ನೊಂದು ಅವಕಾಶ ಕೊಟ್ಟಿತು. ಮೂರನೆಯ ಸಲವೂ ಸೋತರೆ ಮತ್ತೆ ಕೇಳುವ ಹಾಗಿರಲಿಲ್ಲ. ಜೀಪು ಅವಳ ಅಪ್ಪ ಎಉಸೇಬಿಯೋನದು. ಅವನು ಹೋದಮೇಲೆ ಇಂಜಿನ್ನು ಬಿಚ್ಚುವುದು, ಕಟ್ಟುವುದು ಎಲ್ಲ ತಾನೇ ಕಲಿತಳು. ಎರಡು ಜಡೆಯನ್ನೂ ಟೋಪಿಯೊಳಗೆ ತುರುಕಿಕೊಂಡು ಗಾಡಿಯಡಿ ನುಗ್ಗಿದರೆ ಊಟಕ್ಕೆ ಕರೆದರೂ ಈಚೆ ಬರುತ್ತಿರಲಿಲ್ಲ. ಈ ಸಲ ಮಂದೆಯಿಂದ ನಾಲ್ಕು ಲಾಮಾಗಳನ್ನು ಕೊಟ್ಟು ನಾಲ್ಕು ಹೊಸ ಟೈರು ತಂದಿದ್ದಳು. ಒಂದೊಂದು ಹಲ್ಲೂ ಹೆಬ್ಬೆರಳಿನಷ್ಟು ದಪ್ಪ. ನನಗೂ ಆಸೆಯಾಯಿತು, ಹೇಳಿಕೊಳ್ಳಲಿಲ್ಲ.

ಪರೀಕ್ಷೆ ತಿಂಗಳ ಮೊದಲ ಶುಕ್ರವಾರ ಬಿತ್ತು. ಬೆಳಿಗ್ಗೆ ಅವಳ ತಾಯಿ ಅಸುಂತಾ, ಊರವರೆಲ್ಲ ಮರ್ಯಾದೆಯಿಂದ ದೋನ್ಯಾ ಅನ್ನುವವಳು, ಟೈರುಗಳಿಗೆ ಬಿಯರು ಎರೆದು, ಬಣ್ಣದ ಕಾಗದದ ಚೂರು ಎರಚಿ, ಕೋಕಾ ಎಲೆಯಿಟ್ಟು ಭೂತಾಯಿಗೆ ಒಪ್ಪಿಸಿದ್ದಳು. ಹಾಗೆ ಒಪ್ಪಿಸಿದ ದಿನ ಟೈರಿನ ಗಾಳಿ ಬಿಡಬಾರದು ಅನ್ನುವುದು ಆ ಮನೆಯ ಕಟ್ಟಳೆ. ಎಂಟು ವರ್ಷದ ಹಿಂದೆ ಎಉಸೇಬಿಯೋ ಇಂಥದ್ದೇ ದಿನ ಗಾಳಿ ಇಳಿಸಿ ಬಯಲಿಗೆ ಹೋದ. ಸಂಜೆ ಬಿರುಗಾಳಿ ಎದ್ದಿತು. ಮೂರನೇ ದಿನ ಜೀಪು ಸಿಕ್ಕಿತು. ಅವನು ಅದರಿಂದ ಎರಡು ಗಂಟೆ ನಡೆಯುವಷ್ಟು ದೂರದಲ್ಲಿ ಸಿಕ್ಕಿದ, ಜೀವ ಇರಲಿಲ್ಲ.

ಮಧ್ಯಾಹ್ನ ಪರೀಕ್ಷೆ ನೋಡಲು ನಾನು ಹಿಂದಿನ ಸೀಟಿಗೆ ಹತ್ತಿದೆ. ಮುದುಕಿ ಅಸುಂತಾ ಆಗಲೇ ಮುಂದೆ ಕೂತಿದ್ದಳು.

"ನೀವ್ಯಾಕೆ ಬಂದ್ರಿ ದೋನ್ಯಾ?" ಎಂದೆ.

"ನನ್ನ ಮಗಳ ಗಾಡಿ, ನಾನ್ ಬರ್ತೀನಿ. ನಿಮ್ಮ ಸಂಘ ಏನು ಆಕಾಶದಿಂದ ಉದುರಿದ್ದಾ?"

ಮೊದಲು ಜೀಪು ಚೆನ್ನಾಗಿಯೇ ಹೋಯಿತು. ಹೊಸ ಹಲ್ಲು ಕೆಸರನ್ನು ಕಚ್ಚಿ ಕಚ್ಚಿ ಹಿಂದಕ್ಕೆ ಉಗಿಯಿತು. ಆದರೆ ಟೈರು ಕಲ್ಲಿನಂತೆ ಬಿಗಿದಿತ್ತು. ಅರ್ಧ ದಾರಿಯಲ್ಲಿ ಪದರ ಒಡೆದು ನಾಲ್ಕೂ ಚಕ್ರ ಒಟ್ಟಿಗೆ ಕುಸಿದವು. ಪ್ಲಾಸಿದಾ ಗೇರು ಬದಲಿಸಿದಳು, ಹಿಂದೆ ತಂದಳು, ಮುಂದೆ ತಂದಳು. ಇನ್ನೂ ಹೂತಿತು.

"ಗಾಳಿ ಇಳಿಸಿದ್ರೆ ಟೈರು ಅಗಲ ಆಗುತ್ತೆ, ಮೇಲೆ ಬರುತ್ತೆ ಅಮ್ಮಾ," ಎಂದಳು.

"ಬೇಡ."

"ಇಲ್ಲಾಂದ್ರೆ ಇವತ್ತಿಗೆ ಮುಗೀತು."

"ಮುಗೀಲಿ ಬಿಡೇ. ಮನೇಲಿರು. ಜೀವ ಇದ್ರೆ ಸಾಲ್ದಾ?"

"ಅಪ್ಪ ಸತ್ತಿದ್ದು ಬಿರುಗಾಳಿಗೆ ಅಮ್ಮಾ, ಟೈರಿಂದ ಅಲ್ಲ."

"ನಿಂಗೇನು ಗೊತ್ತು? ಕಂಡೋಳು ನೀನಾ?"

ಪ್ಲಾಸಿದಾ ಇಳಿದಳು, ಮೊಣಕಾಲವರೆಗೆ ಕೆಸರು. ಮೊದಲನೇ ಟೈರಿನ ವಾಲ್ವಿನ ಮುಚ್ಚಳ ತಿರುಗಿಸಿ ಮೊಳೆಯ ತುದಿಯಿಂದ ಒತ್ತಿದಳು. ಗಾಳಿ ಬುಸ್ಸೆಂದಾಗ ಅಸುಂತಾ ಶಾಲನ್ನು ಮುಖಕ್ಕೆ ಎಳೆದುಕೊಂಡಳು. ನಾಲ್ಕು ಸಲವೂ ಆ ಸದ್ದು ಕೇಳಬೇಕಾಯಿತು. ನಾನೇನೂ ಅಂಥ ನಂಬಿಕೆಯವನಲ್ಲ, ಆದರೂ ಆ ಹೆಂಗಸಿನ ಭುಜ ಅಲುಗುವುದನ್ನು ನೋಡಲಾಗಲಿಲ್ಲ.

ಪ್ಲಾಸಿದಾ ಮತ್ತೆ ಹತ್ತಿ ಸಣ್ಣ ಗೇರಿಗೆ ಹಾಕಿ, ಮೆಲ್ಲಗೆ ಕ್ಲಚ್ಚು ಬಿಟ್ಟಳು. ಜೀಪು ನರಳಿತು, ವಾಲಿತು, ಎದ್ದಿತು. ಕಾಲು ಗಂಟೆಯಲ್ಲಿ ಚಕ್ರದ ಕೆಳಗೆ ಗಟ್ಟಿ ಉಪ್ಪು ಕರಕರ ಅಂದಿತು.

"ಈಗೇನಂತೀರಾ ದೋನ್ ಇಲಾರಿಯೋನ್?" ಎಂದಳು. ನಗುತ್ತಿದ್ದಳು, ಕಣ್ಣಲ್ಲಿ ನೀರೂ ಇತ್ತು.

"ಏನನ್ನೋದು? ಗುರುವಾರ ನಿಂದೇ ಮೊದಲ ಸರದಿ," ಎಂದು ಪಟ್ಟಿ ತೆಗೆದೆ. ನನ್ನ ಮುಖ ಗಂಟಿಕ್ಕಿಯೇ ಇತ್ತು ಅಂತ ಅವಳು ಇಂದಿಗೂ ಹೇಳುತ್ತಾಳೆ.

ಅಸುಂತಾ ಮುಖದಿಂದ ಶಾಲು ಸರಿಸಿ ನನ್ನ ಕಡೆ ತಿರುಗಿದಳು.

"ಗುರುವಾರ ಯಾರ್ಯಾರು ಹೋಗ್ತಾರೆ?"

"ಇನ್ನೂ ಯಾರೂ ಹೆಸರು ಕೊಟ್ಟಿಲ್ಲ ದೋನ್ಯಾ."

"ಮೊದಲು ನಂದು ಬರಿ. ಪ್ರತಿ ಗುರುವಾರಕ್ಕೂ ಬರಿ."

"ಅಮ್ಮಾ, ಉಯುನೀಲಿ ನಿನಗೇನು ಕೆಲಸ?" ಎಂದಳು ಪ್ಲಾಸಿದಾ.

"ಏನೂ ಇಲ್ಲ ಕಣೇ. ಆಗೋದಿದ್ರೆ ಇಬ್ರಿಗೂ ಒಟ್ಟಿಗೆ ಆಗ್ಲಿ. ಈ ಸಲ ಮನೇಲಿ ಕೂತು ದಾರಿ ಕಾಯೋಳು ನಾನಲ್ಲ."