ಆವರಗೆರೆಯಾಕೆ ಹೊಲಿದ ಕಾಸ್ಟ್ಯೂಮು

ಹೋದ ವಾರ ದಾವಣಗೆರೆಯ ಕೆ.ಬಿ. ಬಡಾವಣೆಯ ಬಟ್ಟೆ ಅಂಗಡಿಯೊಂದರಲ್ಲಿ ನಿಂತಿದ್ದೆ. ಅಂಗಡಿಯವ ಕೆಂಪು ಲೆಗ್ಗಿಂಗ್ಸೊಂದನ್ನು ಎರಡೂ ಕೈಯಲ್ಲಿ ಹಿಡಿದು ಉದ್ದಕ್ಕೆ ಎಳೆದು, "ನೋಡ್ರಿ ಮೇಡಂ, ಎಷ್ಟ್ ಎಳೆದ್ರೂ ಏನಾಗಲ್ಲ" ಅಂದ. ಹೊಸ ಬಟ್ಟೆಯ ರಬ್ಬರಿನಂಥ ವಾಸನೆ ಮೂಗಿಗೆ ಬಡಿಯಿತು. ಕೊಳ್ಳಲು ಹೋದವಳು ಬರಿಗೈಯಲ್ಲಿ ಹೊರಗೆ ಬಂದೆ. ಆವರಗೆರೆಯಾಕೆ ನೆನಪಾಗಿದ್ದಳು...

ಏಳೆಂಟು ವರ್ಷದ ಹಿಂದಿನ ಮಾತು. ಮಗಳನ್ನು ಜಿಮ್ನಾಸ್ಟಿಕ್ಸ್ ಕ್ಲಾಸಿಗೆ ಸೇರಿಸಿದ್ದೆ. ಸರಸ್ವತಿ ನಗರದ ಬಾಡಿಗೆ ಮನೆಯಿಂದ ದಿನಾ ಸಂಜೆ ಅವಳನ್ನು ಕರೆದುಕೊಂಡು ಹೋಗಿ, ಎರಡು ಗಂಟೆ ಕ್ಲಾಸಿನ ಮುಂದಿನ ಮೆಟ್ಟಿಲ ಮೇಲೆ ಕೂತು ಕಾಯುತ್ತಿದ್ದೆ. ಆಕೆಯೂ ಅಲ್ಲೇ ಕೂರುತ್ತಿದ್ದಳು. ಮಂಡಕ್ಕಿ ಭಟ್ಟಿಯಲ್ಲಿ ಕೆಲಸ. ಅಲ್ಲಿಂದ ನೇರವಾಗಿ ಬಂದುಬಿಡುತ್ತಿದ್ದಳು, ಮುಖ ಇನ್ನೂ ಬೆಂಕಿಯ ಮುಂದಿದ್ದಂತೆ ಕೆಂಪಗಿರುತ್ತಿತ್ತು. ನನ್ನನ್ನು ಅಕ್ಕಾ ಅನ್ನುತ್ತಿದ್ದಳು. ಊರಂಚಿನ ಆವರಗೆರೆಯಿಂದ ಬರುತ್ತಿದ್ದುದಕ್ಕೆ ನಮ್ಮ ಮನೆಯಲ್ಲಿ ಅವಳು ಬರೀ ಆವರಗೆರೆಯಾಕೆ.

ಅವಳ ಮಗಳು ನನ್ನ ಮಗಳಿಗಿಂತ ಎರಡು ವರ್ಷ ಚಿಕ್ಕವಳು. ಆದರೆ ಆ ಹುಡುಗಿ ಹಿಂದಕ್ಕೆ ಹಾರಿ, ಕೈ ಊರಿ, ಎದ್ದು ನಿಂತರೆ ಸದ್ದೇ ಬರುತ್ತಿರಲಿಲ್ಲ. ಉಳಿದ ಮಕ್ಕಳು ಸರದಿ ಮರೆತು ನೋಡುತ್ತಿದ್ದರು. ಕ್ಲಾಸಿನ ಸರ್ ಅವಳಿಗೆ ಅರ್ಧ ಫೀಸು ಮಾಡಿದ್ದರು. ಶಾಲೆಯ ಚಡ್ಡಿ, ಬನಿಯನ್ನು, ಅಷ್ಟರಲ್ಲೇ ಅವಳ ಅಭ್ಯಾಸ ನಡೆಯುತ್ತಿತ್ತು.

ನಮಗೂ ಸುಲಭವಿರಲಿಲ್ಲ. ನಮ್ಮ ಯಜಮಾನರು ಟ್ರ್ಯಾಕ್ಟರ್ ಬಿಡಿಭಾಗದ ಅಂಗಡಿಯಲ್ಲಿ ಕೆಲಸಕ್ಕಿದ್ದರು. ಫೀಸು, ಆಟೋ, ದಿನಾ ಮೊಟ್ಟೆ, ಕಾಂಪಿಟೇಶನ್ನಿಗೆ ಬೇರೆ ದುಡ್ಡು, ಎಲ್ಲದರ ಮೇಲೆ ಆ ಮೈಗಂಟುವ ಕಾಸ್ಟ್ಯೂಮು. ಅಂಗೈಯಗಲದ ಬಟ್ಟೆಗೆ ಮೂರೂವರೆ ಸಾವಿರ. ಮಗಳು ಎರಡು ಬೆರಳು ಬೆಳೆದರೆ ಖುಷಿಪಡಬೇಕಾದ ನಾನು ಕಾಸ್ಟ್ಯೂಮು ನೆನೆದು ಕಂಗಾಲಾಗುತ್ತಿದ್ದೆ.

ಹರಿಹರದಲ್ಲಿ ಕಾಂಪಿಟೇಶನ್ ಅಂತಾಯಿತು. ಕಾಸ್ಟ್ಯೂಮ್ ಇಲ್ಲದವರನ್ನು ಸೇರಿಸಿಕೊಳ್ಳುವುದಿಲ್ಲ ಎಂದು ಸರ್ ಹೇಳಿದರು. ಅವತ್ತು ಮೆಟ್ಟಿಲ ಮೇಲೆ ಆಕೆ ನನ್ನ ಹತ್ತಿರಕ್ಕೆ ಸರಿದು ಕೇಳಿದಳು. "ಅಕ್ಕಾ, ನಿಮ್ ಹುಡುಗೀದು ಹಳೇದು ಐತೇನ್ರಿ? ಒಂದಿನದ್ ಮಟ್ಟಿಗೆ ಸಾಕು. ತೊಳದು ವಾಪಸ್ ಕೊಡ್ತೀನಿ."

ಹಳೆಯದು ಇತ್ತು. ಬೀರುವಿನಲ್ಲಿ, ಕವರಿನ ಸಮೇತ. ತಾಯಂದಿರ ವಾಟ್ಸ್ಯಾಪ್ ಗುಂಪಿನಲ್ಲಿ ಅದರ ಫೋಟೋ ಹಾಕಿದ್ದೆ, ಯಾರೋ ಸಾವಿರ ರೂಪಾಯಿಗೆ ಕೇಳಿದ್ದರು. ಆ ಸಾವಿರ ಮುಂದಿನ ತಿಂಗಳ ಫೀಸಿಗೆ ಅಂತ ಮನಸ್ಸಿನಲ್ಲೇ ಎತ್ತಿಟ್ಟಾಗಿತ್ತು. ಒಂದು ದಿನ ಕೊಟ್ಟು, ಎಲ್ಲಾದರೂ ದಾರ ಬಿಟ್ಟರೆ...

"ಅಯ್ಯೋ, ಮಾರಿಬಿಟ್ನಲ್ಲೇ" ಅಂದೆ.

"ಹೋಗ್ಲಿ ಬಿಡ್ರಿ" ಅಂದಳು.

ಕಾಂಪಿಟೇಶನ್ ದಿನ ಅವಳ ಮಗಳು ಕೆಂಪು ಕಪ್ಪಿನ ಕಾಸ್ಟ್ಯೂಮ್ ಹಾಕಿಕೊಂಡು ಬಂದಳು. ಎರಡು ಲೆಗ್ಗಿಂಗ್ಸ್ ಕತ್ತರಿಸಿ ತಾಯಿಯೇ ಹೊಲಿದಿದ್ದಳು. ಕುತ್ತಿಗೆಯ ಸುತ್ತ ಒಂದೊಂದಾಗಿ ಹಚ್ಚಿದ ಮಿನುಗು ಬೊಟ್ಟು. ದೂರದಿಂದ ನೋಡಿದರೆ ಅಂಗಡಿಯದೇ ಅನ್ನಬೇಕು.

ಎರಡನೆಯ ಸಲ ಹಾರುವಾಗ ಎಡಭುಜದ ಹೊಲಿಗೆ ಬಿಚ್ಚಿತು. ನೋಡುತ್ತಿದ್ದವರಲ್ಲಿ ಯಾರೋ ನಕ್ಕರು. ಹುಡುಗಿ ನಿಲ್ಲಲಿಲ್ಲ. ಬಲಗೈಯಲ್ಲಿ ಭುಜ ಹಿಡಿದುಕೊಂಡೇ, ಒಂದೇ ಕೈ ಚಾಚಿ ಆಡಬಹುದಾದಷ್ಟನ್ನು ಆಡಿ ಮುಗಿಸಿ, ತೀರ್ಪುಗಾರರಿಗೆ ತಲೆಬಾಗಿ ಕೆಳಗಿಳಿದಳು. ತಾಯಿ ಓಡಿ ಹೋಗಿ ಸೆರಗು ಹೊದಿಸಿದಳು. ನನ್ನ ಮಗಳಿಗೆ ಮೂರನೆಯ ಬಹುಮಾನ ಬಂತು. ಚಪ್ಪಾಳೆ ತಟ್ಟಲು ನನ್ನ ಕೈ ಏಳಲಿಲ್ಲ.

ವಾಪಸ್ ಬರುವ ಬಸ್ಸಿನಲ್ಲಿ ಆಕೆ ನನ್ನ ಪಕ್ಕದಲ್ಲೇ ಕೂತಳು. ಹುಡುಗಿ ಅವಳ ತೊಡೆಯ ಮೇಲೆ ಮಲಗಿತ್ತು. "ದಾರದ್ದು ನಂದೇ ತಪ್ಪು ಅಕ್ಕಾ. ಎಳದ್ರೆ ಬಟ್ಟೆ ಹಿಗ್ತೈತೆ, ದಾರ ಹಿಗ್ಗಲ್ಲ. ನಂಗ್ ಗೊತ್ತಾಗ್ಲಿಲ್ಲ ನೋಡ್ರಿ" ಅಂದಳು. ದಾವಣಗೆರೆ ಬರುವವರೆಗೂ ನಾನು ಕಿಟಕಿಯಾಚೆ ನೋಡುತ್ತಿದ್ದೆ.

ಮರುದಿನದಿಂದ ಅವರು ಕ್ಲಾಸಿಗೆ ಬರಲಿಲ್ಲ. ಸಾವಿರಕ್ಕೆ ಹಳೆಯ ಕಾಸ್ಟ್ಯೂಮ್ ಕೇಳಿದ್ದವರೂ ಬೇಡವೆಂದರು. ಎರಡು ವಾರ ಕಾದು, ಅದನ್ನು ಕವರಿನಲ್ಲಿ ಹಾಕಿಕೊಂಡು ಆವರಗೆರೆಗೆ ಹೋದೆ. ಆಕೆ ಕೂಡ್ರಿ ಎಂದು ಚಾಪೆ ಹಾಸಿ, ಚಹಾ ಕೊಟ್ಟಳು. ಕವರು ಬಿಚ್ಚಿ, ಬಟ್ಟೆಯನ್ನು ತೊಡೆಯ ಮೇಲೆ ಹರಡಿ, ಅಂಗೈಯಿಂದ ಮೆಲ್ಲಗೆ ಸವರಿದಳು.

"ಮಾರಿದ್ದು ವಾಪಸ್ ಬಂತೇನ್ರಿ, ಅಕ್ಕಾ?"

"ಹ್ಞೂಂ, ಬಂತು..." ಅಂದೆ.

ಅವಳು ಮಡಿಕೆ ಕೆಡದಂತೆ ಮತ್ತೆ ಮಡಿಚಿ ಕವರಿಗೆ ಹಾಕಿ ನನ್ನ ಕಡೆ ಸರಿಸಿದಳು. "ಬ್ಯಾಡ್ರಿ. ಅವ್ಳು ಆಟ ಬಿಟ್ಳು. ನಾ ಬಿಡಿಸ್ಲಿಲ್ಲ ಮತ್ತೆ, ಅವ್ಳೇ ಬಿಟ್ಳು. ನಮ್ಮವ್ವನ್ನ ನೋಡಿ ಜನ ನಗೋದು ಬ್ಯಾಡ ಅಂತಾಳೆ. ನಕ್ಕಿದ್ದು ಅವ್ಳನ್ನ ನೋಡಿ ಅಲ್ಲಂತೆ, ನನ್ನ ಹೊಲಿಗೆ ನೋಡಿ ಅಂತೆ." ಹೇಳುತ್ತಾ ನಗಲು ನೋಡಿದಳು, ಆಗಲಿಲ್ಲ.

ನಿಜ ಗೊತ್ತಿದ್ದೇ ಆಕೆ ಹಾಗೆ ಕೇಳಿದಳೋ, ನಂಬಿ ಕೇಳಿದಳೋ, ಇವತ್ತಿಗೂ ನನಗೆ ತಿಳಿಯದು. ಆಮೇಲೆ ಆ ಕಡೆ ಹೋಗುವ ಧೈರ್ಯವಾಗಲಿಲ್ಲ. ನನ್ನ ಮಗಳ ಆಟವೂ ಹತ್ತನೆಯ ತರಗತಿಗೆ ನಿಂತಿತು. ನಿಂತ ದಿನ ನನಗೆ ಬೇಸರಕ್ಕಿಂತ ಹಗುರ ಅನ್ನಿಸಿದ್ದೇ ಹೆಚ್ಚು. ಅದನ್ನು ಅವಳಿಗೂ ಹೇಳಿಲ್ಲ.

ಹೋದ ವಾರ ಬಟ್ಟೆ ಅಂಗಡಿಯಿಂದ ಹೊರಟವಳು ಮನೆಗೆ ಹೋಗಲಿಲ್ಲ, ಆವರಗೆರೆಯ ಆಟೋ ಹತ್ತಿದೆ. ಹೊಲಗಳಿದ್ದಲ್ಲಿ ಸೈಟುಗಳಾಗಿವೆ. ಓಣಿ ಹುಡುಕಲು ಹೊತ್ತು ಹಿಡಿಯಿತು. ಆ ಮನೆಗೆ ಬೀಗ ಹಾಕಿತ್ತು. ಪಕ್ಕದ ಮನೆಯ ಹೆಂಗಸು ಬಾಗಿಲಿಗೆ ಬಂದಳು.

"ಆಯಮ್ಮ ತೀರ್ಕೊಂಡು ಎರಡು ವರ್ಷ ಆತಲ್ರಿ. ಎದೆನೋವು. ಮಗಳು ಹರಿಹರದಾಗೆ ಸೋದರಮಾವನ ಮನ್ಯಾಗೆ ಐತೆ."

ನಾನು ಕಟ್ಟೆಯ ಮೇಲೆ ಕೂತುಬಿಟ್ಟೆ. ಆ ಹೆಂಗಸು ಒಳಗೆ ಹೋಗಿ ನೀರು ತಂದು ಕೊಟ್ಟಳು.

"ಯಾಕ್ರಿ, ಏನಾರ ಹೇಳೋದಿತ್ತೇನು?"

"ಇತ್ತು" ಅಂದೆ.