ಹಿಂದಿನ ಗೇಟಿನಿಂದ ಬರುವವರಿಗೆ

ಮೂವತ್ತನಾಲ್ಕು ವರ್ಷ ಮನೆಮನೆಗೆ ಕಾಗದ ಹಂಚಿದ ಮನುಷ್ಯ ಇನ್ನೊಬ್ಬರ ಹತ್ತಿರ ದಾರಿ ಕೇಳುವುದು ಅವಮಾನ ಎಂದುಕೊಂಡರೆ ತಪ್ಪೇನು ಹೇಳಿ? ಎಲ್ಲರ ಬಾಯಲ್ಲೂ ಅವನು ಅಂಚೆಯಜ್ಜ. ಪಕ್ಕದ ಊರಿನ ಚದುರಂಗ ಕ್ಲಬ್ಬಿನ ಹಳೆಯ ಹುಲಿ. ರೈಲಿನಲ್ಲಿ ಬರುವ ಹೊಸ ಸದಸ್ಯರಿಗೆಂದು ದಾರಿಯ ಚೀಟಿ ಬರೆದುಕೊಟ್ಟವನೂ ಅವನೇ. 'ಸ್ಟೇಷನ್ನಿನಿಂದ ಹೊರಬಂದು ಎಡಕ್ಕೆ. ಬೇಕರಿ ಮೂಲೆಯಲ್ಲಿ ಮತ್ತೆ ಎಡಕ್ಕೆ. ಹನ್ನೊಂದನೆಯ ಬಾಗಿಲು, ಮೇಲಿನ ಮಹಡಿ. ಯಾರನ್ನೂ ಕೇಳಬೇಕಾಗಿಲ್ಲ.' ಆ ಕೊನೆಯ ಸಾಲಿನ ಜಂಭ ನೋಡಿ!

ಆದರೆ ಈಚೆಗೆ ಎರಡು ಸಲ ಎಡವಟ್ಟಾಗಿತ್ತು. ಒಮ್ಮೆ ತರಕಾರಿ ತರಲು ಹೋದವನು ಹತ್ತು ವರ್ಷದ ಹಿಂದೆ ಬಿಟ್ಟ ಬಾಡಿಗೆ ಮನೆಯ ಬಾಗಿಲು ತಟ್ಟಿದ್ದ. ಇನ್ನೊಮ್ಮೆ ಪೊಲೀಸಿನವನು ಕೈಹಿಡಿದು ಮನೆಗೆ ಕರೆತಂದಿದ್ದ. ಮಗಳು ನರ್ಸು, ಇಂಥವರನ್ನು ದಿನಾ ನೋಡುವವಳು. ತಿಂಗಳಿಗೊಮ್ಮೆ ನಡೆಯುವ ಕ್ಲಬ್ಬಿನ ಆಟಕ್ಕೆ ಹೊರಟವನಿಗೆ ಈ ಸಲ ಕಡ್ಡಿ ಮುರಿದ ಹಾಗೆ ಹೇಳಿದಳು.

"ನೋಡಪ್ಪಾ, ಐದು ಗಂಟೆಗೆ ಕ್ಲಬ್ಬಿಗೇ ಫೋನ್ ಮಾಡ್ತೀನಿ. ನೀನು ಅಲ್ಲಿರ್ಬೇಕು. ಇಲ್ಲಾಂದ್ರೆ ಇನ್ಮೇಲೆ ಒಬ್ಬನೇ ಹೊರಗೆ ಹೋಗೋದು ಬಂದ್."

"ಹೋಗೇ, ನನಗೇ ದಾರಿ ಹೇಳೋಕೆ ಬಂದ್ಳು!" ಎಂದು ಅಜ್ಜ ಚಪ್ಪಲಿ ಮೆಟ್ಟಿಕೊಂಡ.

ರೈಲು ನಾಲ್ಕೂ ಇಪ್ಪತ್ತಕ್ಕೆ ಬಂತು. ಜನ ನುಗ್ಗಿದ ಕಡೆಗೆ ತಾನೂ ನುಗ್ಗಿ, ಹೊರಬಂದು, ಎಡಕ್ಕೆ ತಿರುಗಿದ. ಟೈರಿನ ಅಂಗಡಿ, ಸೈಕಲ್ ಅಂಗಡಿ, ಒಂದು ಉದ್ದನೆಯ ಗೋಡೆ. ಬೇಕರಿ ಇಲ್ಲ. ವಾಪಸ್ ಬಂದು ಮತ್ತೆ ಎಡಕ್ಕೆ ಹೋದ. ಅದೇ ಟೈರು, ಅದೇ ಗೋಡೆ. ಎದುರಿಗೆ ಬಂದವನನ್ನು ನಿಲ್ಲಿಸಿದ, ದಾರಿ ಕೇಳಲು ಬಾಯಿ ಬರಲಿಲ್ಲ, "ಟೈಮೆಷ್ಟು?" ಎಂದ. ಆತ ಅಜ್ಜನ ಕೈಯಲ್ಲಿದ್ದ ವಾಚನ್ನೇ ನೋಡಿ, "ನಾಲ್ಕೂ ನಲವತ್ತೈದು" ಎಂದು ಹೇಳಿ ಹೋದ.

ಸ್ಟೇಷನ್ನಿನ ಗೇಟಿನ ಪಕ್ಕ ಬೀಗದ ಕೈ ಮಾಡುವ ಹೆಂಗಸೊಬ್ಬಳು ಕೂತಿದ್ದಳು. ಅವಳೇ ಕೂಗಿದಳು.

"ಏನಜ್ಜಾ, ಗಿರಗಿರ ಸುತ್ತುತಾ ಇದೀರಿ? ಕ್ಲಬ್ಬಿಗಾ? ತಗೊಳ್ಳಿ, ಇದನ್ನ ನೋಡ್ಕೊಂಡು ಹೋಗಿ."

ಡಬ್ಬಿಯೊಳಗಿಂದ ಮಡಿಸಿದ ಚೀಟಿ ತೆಗೆದುಕೊಟ್ಟಳು. ಅವನದೇ ಚೀಟಿ! ಅಜ್ಜನಿಗೆ ಸಿಟ್ಟು ನೆತ್ತಿಗೇರಿತು.

"ಇದರಲ್ಲಿರೋ ಹಾಗೇ ಬಂದಿದೀನಮ್ಮಾ!"

"ಕೆಳಗಡೆ ಓದಿ."

ಕೆಳಗೆ ಬೇರೆ ಶಾಯಿಯಲ್ಲಿತ್ತು: 'ಹೊಸದಾಗಿ ತೆರೆದ ಹಿಂದಿನ ಗೇಟಿನಿಂದ ಬರುವವರಿಗೆ. ಬಲಕ್ಕೆ ತಿರುಗಿ ಹಳಿಯ ಕೆಳಗಿನ ದಾರಿ ದಾಟಿದರೆ ಬೇಕರಿ.'

"ಯಾರು ಬರೆದದ್ದು ಇದನ್ನ?"

"ಅಯ್ಯೋ, ತಮಾಷೆ ಮಾಡ್ತೀರಾ? ನೀವೇ ಅಲ್ವಾ? ಗೇಟ್ ತೆಗೆದ ವಾರ ಇದೇ ಸ್ಟೂಲ್ ಮೇಲೆ ಕೂತು ಬರೆದ್ರಿ. 'ಪಾಪ, ಹೊಸಬ್ರು ದಾರಿ ತಪ್ತಾರೆ, ಕಂಡ್ರೆ ತೋರಿಸಮ್ಮಾ' ಅಂತ ಕೊಟ್ಟು ಹೋದ್ರಿ."

ಅಜ್ಜ ಅವಳ ಮುಖ ನೋಡಿದ, ಸ್ಟೂಲು ನೋಡಿದ. ಒಂದೂ ನೆನಪಿಗೆ ಬರಲಿಲ್ಲ. ಅಕ್ಷರ ಮಾತ್ರ ಅವನದೇ, ಅನುಮಾನವೇ ಇಲ್ಲ. ಪೊಲೀಸಿನವನು ಕೈಹಿಡಿದಾಗ ನಾಚಿಕೆಯಾಗಿತ್ತು, ಅಷ್ಟೇ. ಈಗ ಹೆದರಿಕೆಯಾಯಿತು. ಚೀಟಿಯನ್ನು ಮುಷ್ಟಿಯಲ್ಲಿ ಹಿಡಿದು ಬಲಕ್ಕೆ ತಿರುಗಿದ.

ಐದಕ್ಕೆ ಎರಡು ನಿಮಿಷ ಇರುವಾಗ ಕ್ಲಬ್ಬಿನ ಮೆಟ್ಟಿಲು ಹತ್ತಿದ. ದಪ್ಪ ಕನ್ನಡಕದ ಕಾರ್ಯದರ್ಶಿ ಕಾಯಿಗಳನ್ನು ಜೋಡಿಸುತ್ತಿದ್ದ. ಫೋನು ಬಡಿದುಕೊಂಡಿತು.

"ಬಂದ್ರು, ಬಂದ್ರು, ಇಲ್ಲೇ ಇದಾರೆ," ಎಂದು ಅವನು ಫೋನನ್ನು ಅಜ್ಜನ ಕೈಗಿತ್ತ.

"ಪರವಾಗಿಲ್ವೇ! ಗೆದ್ದೆ ಬಿಡಪ್ಪಾ," ಎಂದು ಮಗಳು ನಕ್ಕಳು. "ಇನ್ನು ನಾನೇನೂ ಅನ್ನಲ್ಲ, ಆಯ್ತಾ?"

ಹೂಂ ಎಂದಿದ್ದರೆ ಮುಗಿದುಹೋಗುತ್ತಿತ್ತು. ಅಜ್ಜ ಮುಷ್ಟಿಯಲ್ಲಿದ್ದ ಚೀಟಿಯನ್ನು ಬಿಡಿಸಿ ಇನ್ನೊಮ್ಮೆ ನೋಡಿದ.

"ಮುಂದಿನ ತಿಂಗಳು ರಜಾ ಹಾಕು ಮಗಾ," ಎಂದ. "ನನ್ನ ಜೊತೆಗೆ ಬಾ."

"ಯಾಕಪ್ಪಾ? ಏನಾಯ್ತು?"

"ದಾರಿ ಕೇಳ್ಬೇಕಾಯ್ತು ಕಣೇ."