ಒಂಬೈನೂರ ಹದಿನಾರರ ಓಲೆ

ಸಾಲಗಾಮೆಯ ಶಾಂತಕುಮಾರಿಗೆ ಎಂಟನೇ ವಯಸ್ಸಿನಲ್ಲಿ ಕಿವಿ ಚುಚ್ಚಿಸಿದಾಗ ಅವ್ವ ಹಾಕಿದ್ದು ಗಿಲೀಟಿನ ಓಲೆ. ಹದಿನೈದೇ ದಿನಕ್ಕೆ ಕಿವಿ ಕೀವು ತುಂಬಿತು. ಆಮೇಲೆ ಯಾವ ಬೆರಕೆ ಲೋಹ ಹಾಕಿದರೂ ಅದೇ ಪಾಡು. ಮದುವೆಯ ಫೋಟೋದಲ್ಲೂ ಅವಳ ಕಿವಿಯಲ್ಲಿರುವುದು ಬೇವಿನ ಕಡ್ಡಿ.

ನಲವತ್ತು ದಾಟಿದ ಮೇಲೆ ಸ್ವಂತ ದುಡಿಮೆಯಲ್ಲಿ ಹಾಸನದಿಂದ ಒಂದು ಜೊತೆ ಓಲೆ ತಂದಳು. ಇಪ್ಪತ್ತೆರಡು ಕ್ಯಾರೆಟ್ಟಿನವು, ಹಿಂಬದಿಯಲ್ಲಿ ೯೧೬ ಎಂಬ ಮುದ್ರೆ. ಚಿನ್ನ ಹೆಚ್ಚಿದ್ದಷ್ಟೂ ಬೆರಕೆ ಕಡಿಮೆ, ಕಿವಿಗೆ ಹಿತ, ಬೆವರಿಗೆ ಕಪ್ಪಾಗುವುದಿಲ್ಲ, ಮಾರಿದರೂ ಬೆಲೆ ಇಳಿಯುವುದಿಲ್ಲ ಎಂದು ಅಂಗಡಿಯ ಈಶ್ವರಯ್ಯ ಹೇಳಿದ್ದ. ಮೆತ್ತಗಿರುತ್ತದೆ, ಎಲ್ಲಿಗೂ ತಗುಲಿಸಬೇಡ ಎಂದೂ ಎಚ್ಚರಿಸಿದ್ದ. ಎರಡು ತಿಂಗಳು ಕಾದು ನೋಡಿದಳು. ಕಿವಿ ಕೆರೆಯಲಿಲ್ಲ. ಅಲ್ಲಿಂದ ಮಲಗುವಾಗಲೂ ಅದನ್ನು ಬಿಚ್ಚಲಿಲ್ಲ.

ಆಗ ಅವಳು ಹಾಸನದ ಪ್ರಸನ್ನಕುಮಾರ್ ಮನೆಯಲ್ಲಿ, ಹಾಸಿಗೆ ಹಿಡಿದಿದ್ದ ಅವರ ತಾಯಿ ಪುಟ್ಟಲಕ್ಷ್ಮಮ್ಮನನ್ನು ನೋಡಿಕೊಳ್ಳುತ್ತಿದ್ದಳು. ಮುದುಕಿಯ ಹೇಲು ಉಚ್ಚೆ ಬಳಿದು, ಮೈ ಒರೆಸಿ, ಗಂಜಿ ಕುಡಿಸುವುದು ಅವಳ ಕೆಲಸ. ಆ ಗಂಜಿ ಬೇಯುವ ಅಡುಗೆಮನೆಗೆ ಮಾತ್ರ ಅವಳ ಜಾತಿಯವರು ಕಾಲಿಡುವಂತಿರಲಿಲ್ಲ.

ತಾಯಿಗೆ ಎಂಬತ್ತು ತುಂಬಿದಾಗ ಮಗ ಹೊಸ ಓಲೆ ಹಾಕಿಸಿದ. ನೆಂಟರೆದುರು ಅಪ್ಪಟ ಚಿನ್ನ ಎಂದ. ವಾರದೊಳಗೆ ಮುದುಕಿಯ ಕಿವಿ ಕೆಂಪಗೆ ಊದಿ ಸೋರತೊಡಗಿತು. ಶಾಂತಕುಮಾರಿಗೆ ಅದು ನೋಡಿದ ಕೂಡಲೇ ಗೊತ್ತಾಯಿತು. ಸೊಸೆ ಯಮುನಾಗೆ ಮೆಲ್ಲಗೆ ಹೇಳಿದಳು.

"ಬೆರಕೆ ಜಾಸ್ತಿ ಐತೆ ಕಣಮ್ಮ. ಬಿಚ್ಚಿಬುಡಿ."

ಚಿನ್ನದ ವಿಷಯ ನಿನಗೇನು ಗೊತ್ತು ಎಂದು ಯಮುನಾ ಮುಖ ತಿರುಗಿಸಿದಳು.

ನಾಲ್ಕು ದಿನ ಕಳೆಯುವಷ್ಟರಲ್ಲಿ ಮುದುಕಿಯ ಓಲೆ ಕಾಣೆಯಾಯಿತು. ಯಮುನಾಳ ಕಣ್ಣು ನೇರ ಶಾಂತಕುಮಾರಿಯ ಕಿವಿಗೆ ಹೋಯಿತು. ಎರಡೂ ಒಂದೇ ಹೂವಿನ ಮಾದರಿ, ಎರಡೂ ಈಶ್ವರಯ್ಯನ ಅಂಗಡಿಯವು. ತನ್ನದನ್ನು ತೆಗೆದು ಅತ್ತೆಯದನ್ನು ಹಾಕಿಕೊಂಡಿದ್ದಾಳೆ ಎಂದಳು. ಅಂಗಡಿಗೆ ಹೋಗಿ ತೋರಿಸೋಣ ಎಂದು ಅವಳು ಹೊರಟಾಗ ಪ್ರಸನ್ನಕುಮಾರ್, ಹೋಗಲಿ ಬಿಡು, ಇನ್ನೊಂದು ಜೊತೆ ತಂದರಾಯಿತು ಎಂದ. ಆ ಹೊತ್ತಿಗೆ ಶಾಂತಕುಮಾರಿಗೆ ಅವನು ದೇವರಂಥ ಮನುಷ್ಯನಾಗಿ ಕಂಡ.

ಯಮುನಾ ಬಿಡಲಿಲ್ಲ. ಅಂಗಡಿಯಲ್ಲಿ ಗಿರಾಕಿಗಳೆಲ್ಲ ನೋಡುತ್ತಿರುವಾಗ ಶಾಂತಕುಮಾರಿ ತಾನೇ ತಿರುಪು ಬಿಚ್ಚಿ ಓಲೆಗಳನ್ನು ಗಾಜಿನ ಮೇಲಿಟ್ಟಳು. ಈಶ್ವರಯ್ಯ ತಿರುಗಿಸಿ ಮುದ್ರೆ ನೋಡಿದ, ಕ್ಯಾರೆಟ್ ನೋಡುವ ಮಿಷನ್ನಿಗೂ ಹಾಕಿದ.

"ಇವು ಇವಳವೇ ಕಣಮ್ಮ, ಇಪ್ಪತ್ತೆರಡು ಕ್ಯಾರೆಟ್. ನಿಮ್ಮ ಯಜಮಾನ್ರು ಮಾಡಿಸ್ಕೊಂಡು ಹೋಗಿದ್ದು ಹದಿನಾಲ್ಕರದ್ದು."

ಯಮುನಾ ಗಂಡನತ್ತ ತಿರುಗಿದಳು. ಅವನು ಫೋನು ಕಿವಿಗಿಟ್ಟುಕೊಂಡು ಹೊರಗೆ ನಡೆದಿದ್ದ.

ಸಂಜೆ ಓಲೆ ದಿಂಬಿನ ಚೀಲದೊಳಗೇ ಸಿಕ್ಕಿತು. ನವೆ ತಾಳಲಾರದೆ ಮುದುಕಿ ತಾನೇ ಕಿತ್ತು ತುರುಕಿದ್ದಳು. ತಪ್ಪಾಯಿತು ಎಂದು ಯಾರೂ ಹೇಳಲಿಲ್ಲ. ಮರುದಿನ ಬೆಳಿಗ್ಗೆ ಯಮುನಾ ಶಾಂತಕುಮಾರಿಯನ್ನು ಗೇಟಿನಲ್ಲೇ ತಡೆದು, ಬೇರೆಯವರನ್ನು ಗೊತ್ತುಮಾಡಿದ್ದೇವೆ ಎಂದಳು. ಹದಿನಾಲ್ಕು ಎಂಬ ಮಾತು ಕಿವಿಗೆ ಬಿದ್ದವಳು ಇನ್ನು ಆ ಮನೆಯಲ್ಲಿ ಓಡಾಡುವುದು ಅವರಿಗೆ ಬೇಕಿರಲಿಲ್ಲ.

ವಾರ ಕಳೆದು ಪ್ರಸನ್ನಕುಮಾರ್ ಕಾರಿನಲ್ಲಿ ಸಾಲಗಾಮೆಗೆ ಬಂದ. ಅಮ್ಮ ಬೇರೆ ಯಾರ ಕೈಯಿಂದಲೂ ಗಂಜಿ ಕುಡಿಯುತ್ತಿಲ್ಲ, ಬಾ ಎಂದ. ಶಾಂತಕುಮಾರಿಯ ಮಗಳು ಕವನಾ ತಂದಿಟ್ಟ ನೀರನ್ನು ಅವನು ಮುಟ್ಟಲಿಲ್ಲ.

"ಮುದ್ರೆ ನೋಡು ಅಂತ ಯಮುನಮ್ಮಂಗೆ ಮನೇಲೇ ಒಂದ್ ಮಾತು ಅಂದಿದ್ರೆ ಆಗ್ತಿತ್ತು ಸಾ," ಎಂದಳು ಶಾಂತಕುಮಾರಿ. "ಬೋಳು ಕಿವೀಲಿ ನನ್ನ ಅಂಗಡೀಲಿ ನಿಲ್ಲಿಸ್ಬುಟ್ರಿ. ನಾನು ಬರಾಕಿಲ್ಲ."

ಮುದುಕಿ ಆ ತಿಂಗಳೇ ತೀರಿಕೊಂಡಳು. ಶಾಂತಕುಮಾರಿಗೆ ಯಾರೂ ಹೇಳಿಕಳಿಸಲಿಲ್ಲ. ಹಾಲುತುಪ್ಪದ ಕಾರ್ಯವೂ ಮುಗಿದ ಮೇಲೆ, ಅವಳ ಜಾಗಕ್ಕೆ ಹೋಗಿದ್ದ ಹೆಂಗಸು ಬಸ್ಸಿನಲ್ಲಿ ಸಿಕ್ಕಿ ಸುದ್ದಿ ತಿಳಿಸಿದಳು. ಶಾಂತಿ ಎಲ್ಲಿ, ಶಾಂತಿ ಎಲ್ಲಿ ಎಂದು ಮುದುಕಿ ಕೊನೆಯವರೆಗೂ ಕೇಳುತ್ತಿದ್ದಳಂತೆ. ಅವಳು ಓಲೆ ಕದ್ದು ಸಿಕ್ಕಿಬಿದ್ದು ಓಡಿಹೋದಳು ಎಂದು ಮನೆಯವರು ಹೇಳುತ್ತಿದ್ದರಂತೆ.